ಮೊನೊಪಾಡ್: ಒಂದು ಕಾಲು ಅದರದು, ಎರಡು ನಿಮ್ಮವು

ಟ್ರೈಪಾಡ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಹೊರಲು ಹಗುರ ಅಷ್ಟೇ ಎಂದುಕೊಂಡು ಮೊನೊಪಾಡ್, ಅಂದರೆ ಕ್ಯಾಮೆರಾ ಹೊರುವ ಒಂಟಿಕಾಲಿನ ಕೋಲು, ಕೊಂಡವರಿಗೆ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ಒಂಟಿಕಾಲಿನ ಮೇಲೆ ಯಾವುದೂ ತಾನಾಗಿ ನಿಲ್ಲದು. ಮೊನೊಪಾಡ್ ಮಾಡುವುದು ಒಂದೇ ಕೆಲಸ, ಭಾರವನ್ನು ನಿಮ್ಮ ತೋಳಿನಿಂದ ಇಳಿಸಿ ನೆಲಕ್ಕೆ ದಾಟಿಸುವುದು. ಕ್ಯಾಮೆರಾ ಮೇಲಕ್ಕೆ ಕೆಳಕ್ಕೆ ಜಗ್ಗುವುದು ಇದರಿಂದ ನಿಲ್ಲುತ್ತದೆ. ಎಡಬಲಕ್ಕೆ ತಿರುಗುವುದು, ಹಿಂದೆ ಮುಂದೆ ತೂಗುವುದು ಹಾಗೇ ಉಳಿಯುತ್ತವೆ. ಅವನ್ನು ತಡೆಯಬೇಕಾದದ್ದು ನಿಮ್ಮ ಎರಡು ಕಾಲು, ಮೊಣಕೈ ಮತ್ತು ಹುಬ್ಬು.

ಲಾಭ ಎಷ್ಟು? ಸಾಮಾನ್ಯವಾಗಿ 2 ಸ್ಟಾಪ್, ಕೈ ಪಳಗಿದವರಿಗೆ 3. ಒಂದು ಸ್ಟಾಪ್ ಎಂದರೆ ಶಟರ್ ಎರಡರಷ್ಟು ನಿಧಾನ. ಕೈಯಲ್ಲೇ ಹಿಡಿದು ತೆಗೆಯುವಾಗ 200 ಮಿ.ಮೀ. ಲೆನ್ಸಿಗೆ ಶಟರ್ 1/200 ಸೆಕೆಂಡಿಗಿಂತ ನಿಧಾನವಾಗಬಾರದು ಎಂಬುದು ಹಳೆಯ ಲೆಕ್ಕ. ಮೊನೊಪಾಡ್ ಇದ್ದರೆ ಅದು 1/50ಕ್ಕೆ, ಅಭ್ಯಾಸವಾದ ಮೇಲೆ 1/25ಕ್ಕೆ ಇಳಿಯುತ್ತದೆ. 1.5 ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಒಂದೂವರೆ ಪಟ್ಟು ಚಿಕ್ಕದು) ಆದರೆ ಲೆಕ್ಕವನ್ನು 1/300ರಿಂದ ಶುರು ಮಾಡಿ. ಆದರೆ ಒಂದು ಸೆಕೆಂಡು, ಎರಡು ಸೆಕೆಂಡಿನ ಎಕ್ಸ್‌ಪೋಶರ್ ಇದರಿಂದ ಆಗದ ಮಾತು. ಜಲಪಾತದ ನೀರನ್ನು ಹಾಲಿನಂತೆ ತೋರಿಸಬೇಕು, ನಕ್ಷತ್ರ ಹಿಡಿಯಬೇಕು ಎಂದರೆ ಟ್ರೈಪಾಡೇ ಬೇಕು. ಇನ್ನೊಂದು ಮಾತು: ಮೊನೊಪಾಡ್ ನಿಮ್ಮ ಅಲುಗಾಟವನ್ನು ತಗ್ಗಿಸುತ್ತದೆ, ಓಡುವ ಆಟಗಾರನದನ್ನಲ್ಲ. ಅವನನ್ನು ಹಿಡಿದು ನಿಲ್ಲಿಸಲು 1/1000 ಬೇಕೇ ಬೇಕು. ಹಾಗಿದ್ದೂ ಕ್ರೀಡಾಂಗಣದ ಅಂಚಿನಲ್ಲಿ ಸಾಲುಸಾಲು ಮೊನೊಪಾಡ್ ಕಾಣುವುದೇಕೆ ಎಂದರೆ, ಮೂರು ಕೆ.ಜಿ. ಲೆನ್ಸನ್ನು ಎರಡು ಗಂಟೆ ಎತ್ತಿ ಹಿಡಿಯಲು ಯಾರ ತೋಳಿಗೂ ಆಗುವುದಿಲ್ಲ.

ಕೊಳ್ಳುವ ಮುನ್ನ

ಅಂಗಡಿಗಳಲ್ಲಿ ಸೆಲ್ಫಿ ಸ್ಟಿಕ್ಕಿಗೂ ಮೊನೊಪಾಡ್ ಎನ್ನುವುದುಂಟು. ಆನ್‌ಲೈನಿನಲ್ಲಿ ಕೊಳ್ಳುವಾಗ ಕೊಳವೆಯ ದಪ್ಪ ಮತ್ತು ಹೊರುವ ಸಾಮರ್ಥ್ಯವನ್ನು ನೋಡದೆ ಆರ್ಡರ್ ಮಾಡಬೇಡಿ.

ಮೊದಲು ಎತ್ತರದ ಲೆಕ್ಕ. 170 ಸೆ.ಮೀ. ಎತ್ತರದವರ ಕಣ್ಣು ನೆಲದಿಂದ ಸುಮಾರು 158 ಸೆ.ಮೀ. ಮೇಲಿರುತ್ತದೆ. ಕ್ಯಾಮೆರಾದ ತಳದಿಂದ ವ್ಯೂಫೈಂಡರ್‌ವರೆಗೆ ಸುಮಾರು 8, ಕೋಲಿನ ತುದಿಯಲ್ಲಿ ಕ್ಯಾಮೆರಾ ಕೂರಿಸುವ ಭಾಗವಾದ ಹೆಡ್‌ಗೆ ಇನ್ನೊಂದು 8 ಕಳೆಯಿರಿ. 142 ಉಳಿಯಿತು. ಇಷ್ಟೇ ಸಾಕೆಂದು 142ರದನ್ನೇ ಕೊಂಡರೆ ಇಳಿಜಾರಿನಲ್ಲಿ ನಿಂತ ದಿನ ಬೆನ್ನು ಬಾಗಿಸಬೇಕಾಗುತ್ತದೆ, ಮರದ ಮೇಲಿನ ಹಕ್ಕಿಯತ್ತ ಲೆನ್ಸ್ ಎತ್ತಿದಾಗಲೂ ಅಷ್ಟೇ. ಮೇಲೆ 10ರಿಂದ 15 ಸೆ.ಮೀ. ಸೇರಿಸಿಕೊಳ್ಳಿ. ಈ ಎತ್ತರದವರಿಗೆ 155ರ ಆಸುಪಾಸು ಸರಿ.

ಹೊರುವ ಸಾಮರ್ಥ್ಯ ನಿಮ್ಮ ಅತಿ ಭಾರದ ಕ್ಯಾಮೆರಾ-ಲೆನ್ಸ್ ಜೋಡಿಯ ತೂಕದ ಎರಡರಷ್ಟಿರಲಿ. ಬಳಸುವಾಗ ನೀವೂ ಅದರ ಮೇಲೆ ಭಾರ ಬಿಡುತ್ತೀರಿ ಎಂಬುದನ್ನು ಮರೆಯಬೇಡಿ. ಅಂಗಡಿಯಲ್ಲೇ ಪೂರ್ತಿ ಎಳೆದು, ಎಲ್ಲ ಲಾಕ್ ಬಿಗಿದು, ತುದಿಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ ನೋಡಿ. ಒಂದು ಮಿಲಿಮೀಟರ್ ಜಾರಿದರೂ ಬೇಡ. ನಂತರ ಮೇಲ್ತುದಿಯನ್ನು ಹಿಡಿದು ತಿರುಚಿ. ಒಳಗಿನ ಕೊಳವೆ ಸುತ್ತಿಕೊಂಡರೆ ಅದೂ ಬೇಡ.

ಖಂಡಗಳು ಹೆಚ್ಚಿದಷ್ಟೂ ಮಡಚಿದಾಗ ಚಿಕ್ಕದಾಗುತ್ತದೆ, ಆದರೆ ಕೊನೆಯ ಕೊಳವೆ ಕಡ್ಡಿಯಷ್ಟು ತೆಳ್ಳಗಾಗುತ್ತದೆ. ಭಾರದ ಲೆನ್ಸಿಗೆ 3 ಅಥವಾ 4 ಖಂಡದ್ದು ಸಾಕು. 5, 6 ಖಂಡದವು ಬ್ಯಾಗಿನೊಳಗೆ ಹೋಗಲೇಬೇಕು ಎನ್ನುವವರಿಗೆ. ಕಾರ್ಬನ್ ಫೈಬರ್ ಹಗುರ, ಚಳಿಯಲ್ಲಿ ಕೈ ಕೊರೆಯುವುದಿಲ್ಲ, ಕಂಪನವನ್ನೂ ಬೇಗ ಹೀರುತ್ತದೆ. ಅಲ್ಯೂಮಿನಿಯಂ ಅಗ್ಗ, ಪೆಟ್ಟು ಬಿದ್ದರೆ ನೆಗ್ಗುತ್ತದೆ, ಕಾರ್ಬನ್ನಿನಂತೆ ಸೀಳುವುದಿಲ್ಲ. ಟ್ರೈಪಾಡಿನಲ್ಲಿ ಈ ವ್ಯತ್ಯಾಸ ದೊಡ್ಡದು. ಮೊನೊಪಾಡಿನಲ್ಲಿ ಇರುವುದು ಒಂದೇ ಕಾಲು, ಕಡಿಮೆಯಾಗುವ ತೂಕವೂ ಕೆಲವು ನೂರು ಗ್ರಾಂ ಮಾತ್ರ. ಕಾರ್ಬನ್ನಿಗೆ ಕೊಡುವ ಹೆಚ್ಚಿನ ಹಣವನ್ನು ಒಳ್ಳೆಯ ಹೆಡ್‌ಗೆ ಹಾಕುವುದು ಜಾಣತನ.

ಲಾಕ್ ಎರಡು ಬಗೆ. ಲಿವರ್ ಲಾಕ್ ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೇ ಕಾಣುತ್ತದೆ, ಕೈಗವಸು ಹಾಕಿಕೊಂಡೂ ತೆಗೆಯಬಹುದು. ಸಡಿಲವಾದರೆ ಪಕ್ಕದ ತಿರುಪನ್ನು ಅಲನ್ ಕೀಯಿಂದ ಕಾಲು ಸುತ್ತು ಬಿಗಿದರೆ ಮುಗಿಯಿತು. ತಿರುಗಿಸುವ ಲಾಕ್ ಮೈಗೆ ಅಂಟಿಕೊಂಡಿರುವುದರಿಂದ ಎಲ್ಲಿಯೂ ಸಿಕ್ಕಿಕೊಳ್ಳದು, ಆದರೆ ಅದರೊಳಗೆ ಮರಳು ಸೇರಿದರೆ ಕರಕರ ಎನ್ನಲು ಶುರುವಾಗುತ್ತದೆ.

ಕೆಳಗಿನ ಪಾದ ಗಟ್ಟಿ ನೆಲಕ್ಕೆ ರಬ್ಬರಿನದು, ಹುಲ್ಲು ಮಣ್ಣಿಗೆ ಮೊಳೆಯದು. ಎರಡೂ ಇರುವುದನ್ನು ನೋಡಿ. ಬುಡದಲ್ಲಿ ಪುಟ್ಟ ಮೂರು ಕಾಲು ಬಿಚ್ಚಿಕೊಳ್ಳುವ ಮಾದರಿಗಳು ವಿಡಿಯೊದವರಿಗೆ ವರ. ಅಡ್ಡಡ್ಡ ಹೊಯ್ದಾಟ ತಗ್ಗುತ್ತದೆ. ಆದರೆ ಅದು ನಿಂತಿತಲ್ಲ ಎಂದು ಕೈಬಿಟ್ಟು ಅತ್ತ ತಿರುಗಿದಿರೋ, ಕ್ಯಾಮೆರಾ ನೆಲಕ್ಕೆ.

ಹೆಡ್ ವಿಚಾರ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಹೆಡ್ ಇಲ್ಲದೆ ನೇರ ಸ್ಕ್ರೂಗೆ ಕೂರಿಸಿದರೆ ಲೆನ್ಸ್ ಯಾವಾಗಲೂ ಕೋಲಿಗೆ 90 ಡಿಗ್ರಿಯಲ್ಲೇ ಇರುತ್ತದೆ. ಲೆನ್ಸನ್ನು 20 ಡಿಗ್ರಿ ಮೇಲಕ್ಕೆ ಎತ್ತಬೇಕೆಂದರೆ ಕೋಲನ್ನೇ 20 ಡಿಗ್ರಿ ಹಿಂದಕ್ಕೆ ವಾಲಿಸಬೇಕು. 150 ಸೆ.ಮೀ. ಕೋಲಾದರೆ ಪಾದ ಸುಮಾರು 50 ಸೆ.ಮೀ. ಮುಂದೆ ಹೋಗುತ್ತದೆ, ಕ್ಯಾಮೆರಾ 9 ಸೆ.ಮೀ. ಕೆಳಗಿಳಿಯುತ್ತದೆ. ಮೈದಾನದಲ್ಲಿ ಒಂದೇ ಮಟ್ಟದಲ್ಲಿ ನಡೆಯುವ ಆಟಕ್ಕೆ ಇದು ನಡೆದೀತು, ಹಕ್ಕಿಗೆ ಅಲ್ಲ.

ಹಾಗಾದರೆ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಹೆಡ್? ಮೊನೊಪಾಡಿಗೆ ಅದು ಹೆಚ್ಚು. ಸಡಿಲ ಬಿಟ್ಟರೆ ಕ್ಯಾಮೆರಾ ಯಾವ ಕಡೆಗಾದರೂ ಮಗುಚುತ್ತದೆ, ಬಿಗಿದರೆ ಇದ್ದೂ ಇಲ್ಲದಂತೆ. ಎಡಬಲಕ್ಕೆ ತಿರುಗಲು, ಓರೆಯಾಗಲು ಕೋಲೇ ಇದೆ; ಇಲ್ಲದಿರುವುದು ಮೇಲೆ ಕೆಳಗೆ ಬಾಗುವುದು ಮಾತ್ರ. ಅದಷ್ಟನ್ನೇ ಕೊಡುವ ಟಿಲ್ಟ್ ಹೆಡ್ ಸಾಕು. 400, 600 ಮಿ.ಮೀ.ನ ದೊಡ್ಡ ಲೆನ್ಸ್ ಇದ್ದು, ಹಾರುವ ಹಕ್ಕಿಯ ಬೆನ್ನು ಹತ್ತುವವರು ಮಾತ್ರ ಭಾರದ ಲೆನ್ಸನ್ನು ಸಮತೂಕದಲ್ಲಿ ಹಿಡಿಯುವ ಗಿಂಬಲ್ ಹೆಡ್ ಯೋಚಿಸಲಿ.

ಟಿಲ್ಟ್ ಹೆಡ್ ಕೊಳ್ಳುವಾಗ ಕ್ಲಾಂಪ್ ಯಾವ ದಿಕ್ಕಿಗಿದೆ ನೋಡಿ. ಆರ್ಕಾ ಮಾದರಿಯ ಪ್ಲೇಟ್ (ಕ್ಲಾಂಪಿನೊಳಗೆ ಜಾರಿ ಕೂರುವ ಲೋಹದ ಪಟ್ಟಿ) ಕ್ಯಾಮೆರಾದ ತಳಕ್ಕೆ ಹಾಕಿದಾಗ ಸಾಮಾನ್ಯವಾಗಿ ಅಡ್ಡಕ್ಕಿರುತ್ತದೆ. ಲೆನ್ಸ್ ಕಾಲರಿನ (ಭಾರದ ಲೆನ್ಸಿನ ಸುತ್ತ ಇರುವ ಬಳೆ) ಪಾದಕ್ಕೆ ಹಾಕಿದಾಗ ಲೆನ್ಸಿನ ಉದ್ದಕ್ಕೆ ಇರುತ್ತದೆ. ಅಂದರೆ ಕ್ಯಾಮೆರಾಕ್ಕೆಂದು ಜೋಡಿಸಿದ ಹೆಡ್‌ಗೆ ಲೆನ್ಸ್ ಕೂರಿಸಿದರೆ ಅದು ಮೇಲೆ ಕೆಳಗೆ ಬಾಗುವ ಬದಲು ಪಕ್ಕಕ್ಕೆ ವಾಲುತ್ತದೆ. ಕ್ಲಾಂಪನ್ನು ಬಿಚ್ಚಿ 90 ಡಿಗ್ರಿ ತಿರುಗಿಸಿ ಕೂರಿಸಲು ಬರಬೇಕು.

ಮೊನೊಪಾಡಿನ ತುದಿಯ ಸ್ಕ್ರೂ 3/8 ಇಂಚಿನದು ಅಥವಾ 1/4 ಇಂಚಿನದು. ಹಲವು ಮಾದರಿಗಳಲ್ಲಿ ಬಿಚ್ಚಿ ತಲೆಕೆಳಗು ಮಾಡಿದರೆ ಇನ್ನೊಂದು ಅಳತೆ ಸಿಗುತ್ತದೆ. ದೊಡ್ಡ ಲೆನ್ಸಿಗೆ 3/8 ಬಳಸಿ. ಕಾಲರ್ ಇರುವ ಲೆನ್ಸನ್ನು ಯಾವಾಗಲೂ ಕಾಲರಿನಿಂದಲೇ ಕೂರಿಸಿ. ಕ್ಯಾಮೆರಾ ತಳದಿಂದ ಕೂರಿಸಿದರೆ ಇಡೀ ಲೆನ್ಸಿನ ಭಾರ ಅದು ಕ್ಯಾಮೆರಾಕ್ಕೆ ಸೇರುವ ಮೌಂಟಿನ ಮೇಲೆ ಜೋತುಬೀಳುತ್ತದೆ. ಪ್ಲೇಟನ್ನು ಹಿಂದೆ ಮುಂದೆ ಸರಿಸಿ, ಟಿಲ್ಟ್ ಸಡಿಲ ಬಿಟ್ಟರೂ ಲೆನ್ಸಿನ ಮೂತಿ ಕೆಳಕ್ಕೆ ಬೀಳದ ಜಾಗ ಕಂಡುಕೊಳ್ಳಿ. ಲಂಬ ಚಿತ್ರ ಬೇಕೆಂದರೆ ಕಾಲರ್ ಸಡಿಲಿಸಿ ಕ್ಯಾಮೆರಾ ತಿರುಗಿಸಿದರಾಯಿತು.

ನಿಲ್ಲುವ ಬಗೆ

ಎತ್ತರ ಹೊಂದಿಸುವಾಗ ಕೆಳಗಿನ ತೆಳು ಖಂಡ ಬೇಡವಾದರೆ ಒಳಗೇ ಇರಲಿ. ಮಧ್ಯದವನ್ನು ಪೂರ್ತಿ ಎಳೆಯಿರಿ, ಕೊನೆಯ ಹೊಂದಾಣಿಕೆಯನ್ನು ಮೇಲಿನ ಲಾಕಿಗೆ ಬಿಡಿ. ಅದೊಂದೇ ನಿಂತಲ್ಲೇ ಕೈಗೆ ಸಿಗುವುದು. ಎತ್ತರ ಬದಲಿಸಲು ಪ್ರತಿಸಲ ಬಗ್ಗುತ್ತಿದ್ದರೆ ಹಕ್ಕಿ ಕಾಯುವುದಿಲ್ಲ.

ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಮೊನೊಪಾಡಿನ ಪಾದವನ್ನು ಎರಡರ ನಡುವಿನಿಂದ ಒಂದಡಿಯಷ್ಟು ಮುಂದೆ ಊರಿ. ತುದಿ ನಿಮ್ಮತ್ತ ವಾಲಿರಲಿ. ಈಗ ನೆಲದ ಮೇಲೆ ತ್ರಿಕೋನವಾಯಿತು. ಇದರ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಭಾರ ಬಿಡಿ. ಕೋಲು ನೆಟ್ಟಗೆ ನಿಂತಿದ್ದರೆ ಒರಗಲು ಏನೂ ಇರುವುದಿಲ್ಲ, ನೀವೂ ಕೋಲೂ ಸೇರಿ ತೂಗಾಡುತ್ತೀರಿ. ಹೊಸಬರ ಚಿತ್ರ ಮಸುಕಾಗಲು ಮುಖ್ಯ ಕಾರಣ ಇದೇ.

ಜಾಗ ಇಕ್ಕಟ್ಟಾದರೆ ಇನ್ನೊಂದು ದಾರಿ ಇದೆ. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ಪಕ್ಕಕ್ಕೆ ತಿರುಗಿ ನಿಲ್ಲಿ. ಮೊನೊಪಾಡಿನ ಬುಡವನ್ನು ಹಿಂದಿನ ಪಾದದ ಒಳಬದಿಗೆ ತಾಗಿಸಿ, ಕೋಲನ್ನು ಮುಂದಿನ ತೊಡೆಯ ಒಳಬದಿಗೆ ಒರಗಿಸಿ. ಕೋಲು ಎರಡು ಕಡೆ ಮೈಗೆ ಆನಿಕೊಂಡಿರುವುದರಿಂದ ತಿರುಗುವುದಿಲ್ಲ. ಆದರೆ ಬೇಗ ದಿಕ್ಕು ಬದಲಿಸಲು ಬಾರದು.

ಎಡಗೈ ಲೆನ್ಸಿನ ಮೇಲೆ, ಕಾಲರಿನ ನೆತ್ತಿಗೆ ಸರಿಯಾಗಿ, ಕೆಳಕ್ಕೆ ಒತ್ತುತ್ತಿರಲಿ. ಅಡಿಯಿಂದ ಎತ್ತಿ ಹಿಡಿಯುವ ಹಳೆಯ ಅಭ್ಯಾಸ ಇಲ್ಲಿ ಹಾನಿಯೇ. ಮೊಣಕೈಗಳು ಪಕ್ಕೆಗೆ, ಹುಬ್ಬು ವ್ಯೂಫೈಂಡರಿಗೆ ಒತ್ತಿರಲಿ. ಅರ್ಧ ಉಸಿರು ಬಿಟ್ಟು ತಡೆದು, ಬಟನ್ ಒತ್ತಿ ಹಿಡಿದು 4-5 ಚಿತ್ರ ಒಟ್ಟಿಗೆ ತೆಗೆಯಿರಿ. ಬೆರಳಿನ ಒತ್ತಡಕ್ಕೆ ಮೊದಲನೆಯದು ಅಲುಗಿರಬಹುದು. ನಡುವಿನ ಒಂದೆರಡು ಹೆಚ್ಚಾಗಿ ಸ್ಪಷ್ಟ ಬರುತ್ತವೆ. ಲೆನ್ಸಿನ ಕಂಪನ ತಡೆಯುವ ಸ್ವಿಚ್ ಆನ್ ಇರಲಿ. ಅದನ್ನು ಆಫ್ ಮಾಡಿ ಎನ್ನುವ ಸಲಹೆ ಟ್ರೈಪಾಡಿಗೆ ಹೇಳಿದ್ದು.

ಓಡುವ ಸೈಕಲ್ಲನ್ನು ಪ್ಯಾನ್ ಮಾಡುವಾಗ, ಅಂದರೆ ಅದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವಾಗ, 1/30ರಿಂದ 1/60ರ ಶಟರ್ ಇಟ್ಟು, ಕಾಲು ಕದಲಿಸದೆ ಸೊಂಟದಿಂದ ತಿರುಗಿ. ಕ್ಯಾಮೆರಾ ನೇರ ಸ್ಕ್ರೂ ಮೇಲಿದ್ದರೆ ಇಲ್ಲೊಂದು ಅಪಾಯ. ಕೋಲನ್ನು ಬಿಗಿ ಹಿಡಿದು ಕ್ಯಾಮೆರಾವನ್ನು ಮತ್ತೆ ಮತ್ತೆ ಎಡಕ್ಕೆ ತಿರುಗಿಸುತ್ತಿದ್ದರೆ ಅದು ಸ್ಕ್ರೂನಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹೆಡ್ ಇದ್ದರೂ ತಳದ ಪುಟ್ಟ ತಡೆತಿರುಪುಗಳನ್ನು ಬಿಗಿದಿಡಿ. ಕುತ್ತಿಗೆಪಟ್ಟಿ ಕೊರಳಲ್ಲೇ ಇರಲಿ.

ನಿಮ್ಮ ಕೈಯ ಮಿತಿ ಅಳೆಯುವುದು ಸುಲಭ. ಅಚ್ಚಾದ ಹಾಳೆಯೊಂದನ್ನು ಗೋಡೆಗೆ ಅಂಟಿಸಿ, 1/200, 1/100, 1/50, 1/25, 1/13ರಲ್ಲಿ ಹತ್ತತ್ತು ಚಿತ್ರ ತೆಗೆದು, ಪೂರ್ತಿ ದೊಡ್ಡದು ಮಾಡಿ ನೋಡಿ. ಹತ್ತರಲ್ಲಿ ಎಂಟು ಅಕ್ಷರ ಓದುವಂತೆ ಬಂದ ಅತಿ ನಿಧಾನದ ವೇಗವೇ ನಿಮ್ಮದು.

ಜನರ ತಲೆಗಳ ಮೇಲಿಂದ ತೆಗೆಯಬೇಕಾದಾಗ ವೈಡ್ ಲೆನ್ಸ್ ಹಾಕಿ, 10 ಸೆಕೆಂಡ್ ಟೈಮರ್ ಒತ್ತಿ, ಹೆಡ್ಡನ್ನು ಮುಂದಕ್ಕೆ ಬಾಗಿಸಿ, ಬುಡವನ್ನು ಹೊಟ್ಟೆಗೆ ಆನಿಸಿ ಎತ್ತಿ. ಮೇಲೆ ವಿದ್ಯುತ್ ತಂತಿ ಇಲ್ಲವೆಂದು ಮೊದಲೇ ನೋಡಿಕೊಳ್ಳಿ. ಹೂವು, ಕೀಟವನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊದಲ್ಲಿ ಹಿಂದೆ ಮುಂದೆ ತೂಗುವುದನ್ನೇ ಬಳಸಿಕೊಳ್ಳಬಹುದು: ಫೋಕಸ್ ಕದಲಿಸದೆ, ನಿಧಾನ ಮುಂದಕ್ಕೆ ವಾಲುತ್ತಾ ಸರಣಿ ತೆಗೆಯಿರಿ, ಒಂದರಲ್ಲಾದರೂ ಕಣ್ಣು ಚೂಪಾಗಿ ಸಿಗುತ್ತದೆ. ವಾಹನದೊಳಗೆ ಕೂತು ತೆಗೆಯುವುದಾದರೆ ಎಂಜಿನ್ ಆರಿಸಲೇಬೇಕು, ಇಲ್ಲದಿದ್ದರೆ ನೆಲದ ನಡುಕವೆಲ್ಲ ಕೋಲಿನ ಮೂಲಕ ನೇರ ಲೆನ್ಸಿಗೆ ಏರುತ್ತದೆ.

ತಿರುಗಿಸುವ ಲಾಕ್ ಎಷ್ಟು ಬಿಗಿದರೂ ಜಾರತೊಡಗಿದರೆ ಇನ್ನಷ್ಟು ಬಲ ಹಾಕಬೇಡಿ. ಖಂಡ ಬಿಚ್ಚಿ, ಕೊಳವೆಯನ್ನೂ ಅದನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಚೂರುಗಳನ್ನೂ ಒಣಬಟ್ಟೆಯಿಂದ ಒರೆಸಿ. ಆ ಚೂರುಗಳು ಯಾವ ಕ್ರಮದಲ್ಲಿದ್ದವು ಎಂದು ಬಿಚ್ಚುವಾಗಲೇ ಒಂದು ಫೋಟೊ ತೆಗೆದುಕೊಂಡಿರಿ. ಅವಕ್ಕಾಗಲಿ ಕೊಳವೆಗಾಗಲಿ ಎಣ್ಣೆ, ಗ್ರೀಸ್ ತಾಗಬಾರದು, ಹಿಡಿತವೇ ಹೋಗುತ್ತದೆ. ಗ್ರೀಸ್ ಸವರಬೇಕಾದದ್ದು ಹೊರಗಿನ ತಿರುಪಿನ ಸುತ್ತುಗಳಿಗೆ, ಅದೂ ತೆಳ್ಳಗೆ. ಸಮುದ್ರದ ನೀರು ತಾಗಿದ್ದರೆ ಅಂದೇ ಸಿಹಿನೀರಿನಲ್ಲಿ ತೊಳೆದು, ಎಲ್ಲ ಖಂಡ ಎಳೆದು, ಲಾಕ್ ಸಡಿಲ ಬಿಟ್ಟು ರಾತ್ರಿಯಿಡೀ ಒಣಗಲು ಬಿಡಿ.