ಏಳು ಎಎಚ್ ಬ್ಯಾಟರಿಗೆ ಎಂಥ ಚಾರ್ಜರ್?

12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ನಮ್ಮ ಮನೆಯಲ್ಲಿ ಎರಡಿವೆ. ಕಂಪ್ಯೂಟರ್ ಯುಪಿಎಸ್ ಬಿಚ್ಚಿದರೆ ಒಳಗೆ ಕಪ್ಪು ಇಟ್ಟಿಗೆಯ ಹಾಗೆ ಕೂತಿರುತ್ತದಲ್ಲ, ಅದೇ. ಒಂದು ವೈಫೈ ರೂಟರಿನ ಹಿಂದಿದೆ. ಕರೆಂಟ್ ಹೋದಾಗ ಮಾತ್ರ ಅದಕ್ಕೆ ಕೆಲಸ. ಇನ್ನೊಂದು ನಮ್ಮ ಬೀದಿಯ ಭಜನಾ ಮಂಡಳಿಯ ಮೈಕ್ ಸೆಟ್ಟಿನದು. ಶನಿವಾರ ರಾತ್ರಿ ಖಾಲಿಯಾಗಿ ಬರುತ್ತದೆ, ಭಾನುವಾರ ಸಂಜೆಗೆ ತುಂಬಿರಬೇಕು. ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್. ಆದರೂ ಚಾರ್ಜರ್ ಎರಡು ಥರದ್ದು ಬೇಕಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘12 ವೋಲ್ಟ್ ಚಾರ್ಜರ್’ ಎಂದು ಕೇಳಿದರೆ ತರಹೇವಾರಿ ಡಬ್ಬಿಗಳು ಟೇಬಲ್ ಮೇಲೆ ಬಂದು ಕೂರುತ್ತವೆ. “ಎಲ್ಲಾ ಒಂದೇ ಸಾರ್, ಪ್ಲಸ್ಸಿಗೆ ಪ್ಲಸ್ ಕೊಡಿ, ಮೈನಸ್ಸಿಗೆ ಮೈನಸ್ ಕೊಡಿ, ಅಷ್ಟೇ” ಅಂದ ಅಂಗಡಿಯ ಹುಡುಗ. ಅಷ್ಟೇ ಅಲ್ಲ. ಈ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಸೆಲ್ ಇವೆ. ಪೂರ್ತಿ ತುಂಬಿ ಸುಮ್ಮನೆ ಕೂತಿದ್ದಾಗಲೇ ಅದು 12.8 ವೋಲ್ಟಿನ ಆಸುಪಾಸು ತೋರಿಸುತ್ತದೆ. ಹಾಗಿದ್ದ ಮೇಲೆ ಸರಿಯಾಗಿ 12 ವೋಲ್ಟ್ ಕೊಡುವ ಅಡಾಪ್ಟರ್ ಅದನ್ನು ತುಂಬಿಸುವುದಾದರೂ ಹೇಗೆ? 12.6 ವೋಲ್ಟ್ ಎಂದು ಬರೆದಿರುವುದು ಮೂರು ಲಿಥಿಯಂ ಸೆಲ್‌ಗಳ ಪ್ಯಾಕಿಗೆ ಮಾಡಿದ್ದು. ಅದನ್ನು ಹಾಕಿದರೆ ಹಸಿರು ದೀಪ ಉರಿಯುತ್ತದೆ, ಬ್ಯಾಟರಿ ಮಾತ್ರ ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ಇರುವ ಲೆಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗಿ, ಸಾಮರ್ಥ್ಯ ಕುಗ್ಗುತ್ತದೆ.

ಗ್ಯಾರೇಜಿನ ಕಾರ್ ಚಾರ್ಜರ್ ಇದಕ್ಕಿಂತ ಅಪಾಯ. ಐದು, ಹತ್ತು ಆಂಪಿಯರ್ ನೂಕುವುದು ಒಂದು. ಹಳೇ ಟ್ರಾನ್ಸ್‌ಫಾರ್ಮರ್ ಮಾದರಿಯಾದರೆ ಬ್ಯಾಟರಿ ತುಂಬಿದ ಮೇಲೂ ನಿಲ್ಲದೆ ವೋಲ್ಟೇಜ್ ಏರಿಸುತ್ತಲೇ ಇರುವುದು ಇನ್ನೊಂದು. ಮುಚ್ಚಳ ಬಿಚ್ಚುವ ಬ್ಯಾಟರಿಯಲ್ಲಿ ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಹಾಕಿಕೊಳ್ಳಬಹುದು. ಸೀಲ್ಡ್ ಬ್ಯಾಟರಿಯಲ್ಲಿ ಆ ದಾರಿ ಇಲ್ಲ. ಒಳಗೆ ಹುಟ್ಟುವ ಗ್ಯಾಸ್ ಸಾಮಾನ್ಯವಾಗಿ ಅಲ್ಲೇ ಮತ್ತೆ ನೀರಾಗುತ್ತದೆ. ಅತಿಯಾಗಿ ಚಾರ್ಜ್ ಮಾಡಿದರೆ ಮಾತ್ರ ವಾಲ್ವ್ ತೆರೆದುಕೊಂಡು ಗ್ಯಾಸ್ ಹೊರಗೆ ಹೋಗುತ್ತದೆ, ಹೋದದ್ದು ಹೋಯಿತು. ಬ್ಯಾಟರಿ ಒಣಗಿ ಪಕ್ಕೆ ಉಬ್ಬುತ್ತದೆ.

ಬೇಕಾದ ಲೆಕ್ಕವೆಲ್ಲ ಬ್ಯಾಟರಿಯ ಮೈಮೇಲೇ ಅಚ್ಚಾಗಿದೆ. ನಮ್ಮದರ ಮೇಲೆ ಮೂರು ಸಾಲು: ಸ್ಟ್ಯಾಂಡ್‌ಬೈ ಯೂಸ್ 13.5ರಿಂದ 13.8 ವೋಲ್ಟ್, ಸೈಕಲ್ ಯೂಸ್ 14.4ರಿಂದ 15 ವೋಲ್ಟ್, ಇನಿಶಿಯಲ್ ಕರೆಂಟ್ ಹೆಚ್ಚೆಂದರೆ 2.1 ಆಂಪಿಯರ್. ಸದಾ ಚಾರ್ಜರಿಗೆ ಅಂಟಿಕೊಂಡೇ ಇರುವ ರೂಟರ್ ಬ್ಯಾಟರಿಗೆ ಮೊದಲನೇ ಸಾಲು. ಬಳಸಿ, ಖಾಲಿ ಮಾಡಿ, ಮತ್ತೆ ತುಂಬಿಸುವ ಮೈಕ್ ಸೆಟ್ಟಿಗೆ ಎರಡನೆಯದು. 14.5 ವೋಲ್ಟಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಣಗುತ್ತದೆ, 13.6ರಲ್ಲಿ ಒಂದು ರಾತ್ರಿ ಇಟ್ಟರೆ ಪೂರ್ತಿ ತುಂಬುವುದಿಲ್ಲ. ಮೂರನೇ ಸಾಲಿನ 2.1 ಎನ್ನುವುದು ಗರಿಷ್ಠ ಮಿತಿ, ಅಷ್ಟು ಕೊಡಲೇಬೇಕು ಅಂತಲ್ಲ. ನಾನು ಎಎಚ್‌ನ ಹತ್ತನೇ ಒಂದು ಭಾಗ, ಅಂದರೆ 0.7 ಆಂಪಿಯರಿಗೆ ನಿಲ್ಲಿಸಿದ್ದೇನೆ. ನಿಧಾನ ನಿಜ, ಪೂರ್ತಿ ಖಾಲಿಯಾದದ್ದು ತುಂಬಲು ಹನ್ನೆರಡು ಹದಿನಾಲ್ಕು ಗಂಟೆ ಹಿಡಿಯುತ್ತದೆ. ಭಜನೆಯವರಿಗೆ ಅವಸರವೇನೂ ಇಲ್ಲ.

ಮೈಕ್ ಸೆಟ್ಟಿಗೆ ರೆಡಿಮೇಡ್ ಆಟೋಮ್ಯಾಟಿಕ್ ಚಾರ್ಜರನ್ನೇ ತಂದೆ. ಮೊದಲು ಒಂದೇ ಸಮನೆ ಕರೆಂಟ್ ಕೊಟ್ಟು, 14.4 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟ್ ಇಳಿಯುತ್ತಾ ಬಂದಾಗ ತಾನಾಗಿ 13.6ಕ್ಕೆ ಬರುವಂಥದ್ದು. ಡಬ್ಬಿಯ ಮೇಲೆ ‘ತ್ರೀ ಸ್ಟೇಜ್’ ಎಂದು ಬರೆದಿದ್ದರೆ ಸಾಲದು. ಮಲ್ಟಿಮೀಟರ್ ಹಿಡಿದು ಮೊದಲ ರಾತ್ರಿ ಒಂದೆರಡು ಸಲ ನೋಡಿ, ಹೇಳಿದಲ್ಲಿ ನಿಲ್ಲುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮಂಡಳಿಯ ಹಿರಿಯರೊಬ್ಬರು ಅದನ್ನು ಸೋಮವಾರದವರೆಗೂ ಪ್ಲಗ್ಗಿನಲ್ಲೇ ಬಿಡುತ್ತಾರೆ. ಹಾಗೆ ಬಿಡುವವರು ಇದ್ದೇ ಇರುತ್ತಾರೆ ಎಂದೇ ತಾನಾಗಿ ಇಳಿಯುವಂಥದ್ದು ಬೇಕಿತ್ತು.

ರೂಟರಿನದನ್ನು ಮನೆಯಲ್ಲೇ ಜೋಡಿಸಿದೆ. ಅಟ್ಟದಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್, ಅದರ ಮುಂದೆ ಎಕ್ಸ್‌ಎಲ್4015 ಐಸಿ ಇರುವ, ವೋಲ್ಟೇಜ್ ಇಳಿಸಿಕೊಡುವ ಚಿಕ್ಕ ಮಾಡ್ಯೂಲ್. ಎರಡು ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಚಿಕ್ಕ ತಿರುಪು) ಇರುವುದನ್ನೇ ಕೇಳಿ ತನ್ನಿ. ಒಂದರಲ್ಲಿ ವೋಲ್ಟೇಜ್, ಇನ್ನೊಂದರಲ್ಲಿ ಕರೆಂಟ್ ಹೊಂದಿಸಬಹುದು. ಒಂದೇ ಪ್ರೀಸೆಟ್ ಇರುವ ಅಗ್ಗದ್ದರಲ್ಲಿ ಕರೆಂಟಿಗೆ ಕಡಿವಾಣವಿಲ್ಲ. ಬ್ಯಾಟರಿ ಜೋಡಿಸದೆ ಮೊದಲು ವೋಲ್ಟೇಜ್ ಹೊಂದಿಸಿದೆ. ಆಮೇಲೆ ಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು ಔಟ್‌ಪುಟ್ಟಿಗೆ ಅಡ್ಡ ಹಿಡಿದು ಕರೆಂಟನ್ನು 0.7ಕ್ಕೆ ತಂದೆ. ಮೈನ್ಸ್ ಹೋದಾಗ ಬ್ಯಾಟರಿ ಹಿಂದಕ್ಕೆ ಮಾಡ್ಯೂಲಿಗೆ ಹರಿಯದಿರಲಿ ಎಂದು ನಡುವೆ ಒಂದು ಶಾಟ್‌ಕಿ ಡಯೋಡ್ ಇದೆ. ಡಯೋಡ್ ಸ್ವಲ್ಪ ವೋಲ್ಟೇಜ್ ನುಂಗುತ್ತದೆ, ಎಷ್ಟು ನುಂಗುತ್ತದೆ ಎನ್ನುವುದು ಕರೆಂಟಿನ ಮೇಲಿದೆ. ಹಾಗಾಗಿ ಬ್ಯಾಟರಿ ತುಂಬಿ ಕರೆಂಟ್ ತೀರಾ ಇಳಿದ ಮೇಲೆ, ಬ್ಯಾಟರಿಯ ಟರ್ಮಿನಲ್ಲಿನಲ್ಲೇ ಅಳೆದು 13.6ಕ್ಕೆ ಕೊನೆಯ ಸಲ ತಿರುಗಿಸಿದೆ. ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿ. ಇಷ್ಟು ಚಿಕ್ಕ ಬ್ಯಾಟರಿ ಶಾರ್ಟ್ ಆದರೂ ತಂತಿ ಸುಡುವಷ್ಟು ತಾಕತ್ತು ಅದಕ್ಕಿದೆ. ರೂಟರ್ 13.6 ತಡೆಯುತ್ತದೆಂದು ನಂಬದೆ ಅದಕ್ಕೆ 12 ವೋಲ್ಟ್ ಕೊಡುವ ಬೇರೆ ಕನ್ವರ್ಟರ್ ಇಟ್ಟೆ.

ಮೈಮೇಲಿನ ಆ ಅಂಕಿಗಳೆಲ್ಲ 25 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು. ಬೆಂಗಳೂರಿನಲ್ಲಿ ಕೂತವರಿಗೆ ಇದು ಪುಣ್ಯ, ವರ್ಷದ ಬಹುಪಾಲು ತಲೆಕೆಡಿಸಿಕೊಳ್ಳಬೇಕಿಲ್ಲ. ಬೇಸಿಗೆಯ ರಾಯಚೂರಿನಲ್ಲಾದರೆ ಹಾಗಲ್ಲ. ಸ್ಟ್ಯಾಂಡ್‌ಬೈನಲ್ಲಿ ಒಂದೊಂದು ಡಿಗ್ರಿಗೂ ಸುಮಾರು 20 ಮಿಲಿವೋಲ್ಟ್ ಇಳಿಸಬೇಕು. 40 ಡಿಗ್ರಿಗೆ ಅದು 0.3 ವೋಲ್ಟ್. ನಮ್ಮೂರಲ್ಲೂ ಬ್ಯಾಟರಿಯನ್ನು ರೂಟರಿನ ಬಿಸಿ ಗಾಳಿ ತಾಗುವಲ್ಲಿ, ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಇದೇ ಕಥೆ.

ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು 10 ವೋಲ್ಟಿಗಿಂತ ಕೆಳಗಿಳಿದ ಬ್ಯಾಟರಿಯನ್ನು ಎಷ್ಟೋ ಆಟೋಮ್ಯಾಟಿಕ್ ಚಾರ್ಜರ್‌ಗಳು ಬ್ಯಾಟರಿ ಎಂದೇ ಗುರುತಿಸುವುದಿಲ್ಲ, ದೀಪ ಮಿಟುಕಿಸಿ ಸುಮ್ಮನಾಗುತ್ತವೆ. ಅಂಥದ್ದನ್ನು ಮಾಡ್ಯೂಲಿನಲ್ಲಿ 0.2 ಆಂಪಿಯರಿಗೆ ಇಟ್ಟು ನಿಧಾನವಾಗಿ ಏರಿಸಿ ನೋಡುತ್ತೇನೆ, ಮೈ ಬಿಸಿಯಾಗುತ್ತದೆಯೇ ಎಂದು ಮುಟ್ಟಿ ನೋಡುತ್ತಾ. ತುಂಬಿಸಿ ಬಿಚ್ಚಿಟ್ಟ ಮಾರನೇ ದಿನ 12.5 ಕೂಡ ನಿಲ್ಲದಿದ್ದರೆ ಅದರ ಆಸೆ ಬಿಡುವುದೇ ಲೇಸು. ಕಸದ ಗಾಡಿಗೆ ಹಾಕಬೇಡಿ. ಒಳಗಿರುವುದು ಸೀಸ ಮತ್ತು ಆಸಿಡ್. ಬ್ಯಾಟರಿ ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ.