ಅಮೆರಿಕದಲ್ಲಿ ಎಡಿಎಚ್‌ಡಿ ಕೋಚ್ ಹುಡುಕುವಾಗ: ಕೇಳಬೇಕಾದ್ದು, ನೋಡಬೇಕಾದ್ದು, ದುಡ್ಡಿನ ಲೆಕ್ಕ

ಅಮೆರಿಕದಲ್ಲಿ ಕ್ಷೌರ ಮಾಡುವವರಿಗೂ ರಾಜ್ಯದ ಲೈಸೆನ್ಸ್ ಬೇಕು. ಎಡಿಎಚ್‌ಡಿ (ಗಮನ ಮತ್ತು ಚಟುವಟಿಕೆ ಹತೋಟಿಗೆ ಬಾರದ ತೊಂದರೆ) ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಅಂಥದ್ದೇನೂ ಬೇಡ. ಸೈಕಾಲಜಿಸ್ಟ್ ಅಥವಾ ಥೆರಪಿಸ್ಟ್ ತಪ್ಪು ಮಾಡಿದರೆ ರಾಜ್ಯದ ಲೈಸೆನ್ಸಿಂಗ್ ಬೋರ್ಡಿಗೆ ದೂರು ಕೊಡಬಹುದು. ಕೋಚ್‌ಗಳಿಗೆ ಅಂಥ ಬೋರ್ಡೇ ಇಲ್ಲ. ಆದ್ದರಿಂದ ಒಳ್ಳೆಯವರು ಯಾರು, ಅಲ್ಲದವರು ಯಾರು ಎಂದು ಸೋಸಿ ನೋಡುವ ಕೆಲಸ ಪೂರ್ತಿ ನಿಮ್ಮ ಮೇಲೇ ಬೀಳುತ್ತದೆ. ಇದರಲ್ಲಿ ಒಂದು ಅನುಕೂಲವೂ ಇದೆ. ಥೆರಪಿಸ್ಟ್‌ಗೆ ನೀವು ಕೂತಿರುವ ರಾಜ್ಯದಲ್ಲಿ ಸೇವೆ ಕೊಡುವ ಅನುಮತಿ ಇರಬೇಕು. ಕೋಚ್‌ಗೆ ಈ ಗಡಿ ಇಲ್ಲ. ನ್ಯೂಜೆರ್ಸಿಯ ಮನೆಯವರು ಒರೆಗಾನ್‌ನ ಕೋಚ್ ಜೊತೆ ಜೂಮ್‌ನಲ್ಲಿ ಕೆಲಸ ಮಾಡಬಹುದು.

ಮೊದಲು ಕೋಚ್ ಬೇಕೋ ಬೇಡವೋ

ಕೋಚ್ ಡಯಾಗ್ನೋಸಿಸ್ ಮಾಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ಖಿನ್ನತೆ ಅಥವಾ ಆತಂಕಕ್ಕೆ ಚಿಕಿತ್ಸೆ ಕೊಡುವಂತಿಲ್ಲ. ಗೊತ್ತಿದ್ದೂ ಮಾಡಲಾಗದ ಕೆಲಸಗಳನ್ನು, ಅಂದರೆ ಶುರು ಮಾಡುವುದು, ಸಮಯ ಅಂದಾಜು ಮಾಡುವುದು, ಮುಗಿಸಿ ಒಪ್ಪಿಸುವುದು, ಇವನ್ನು ಮಾಡಿಸಿಕೊಳ್ಳುವ ದಾರಿ ಹುಡುಕಲು ಜೊತೆಗೆ ನಿಲ್ಲುವುದು ಅವರ ಕೆಲಸ. ಡಯಾಗ್ನೋಸಿಸ್‌ಗೆ ಮಕ್ಕಳಾದರೆ ಪೀಡಿಯಾಟ್ರಿಷಿಯನ್, ದೊಡ್ಡವರಾದರೆ ಪ್ರೈಮರಿ ಕೇರ್ ಡಾಕ್ಟರ್ ಅಥವಾ ಸೈಕಿಯಾಟ್ರಿಸ್ಟ್ ಬಳಿ ಹೋಗಿ. ಮಕ್ಕಳ ವಿಷಯದಲ್ಲಿ ಬಹಳ ಕಡೆ ಲಕ್ಷಣಗಳು ಎಷ್ಟಿವೆ ಎಂದು ಕೇಳುವ ವ್ಯಾಂಡರ್‌ಬಿಲ್ಟ್ ಎಂಬ ಫಾರ್ಮ್ ಕೊಡುತ್ತಾರೆ. ಒಂದು ಪ್ರತಿ ತಂದೆತಾಯಿಗೆ, ಒಂದು ಟೀಚರ್‌ಗೆ. ಮನೆಯ ಮರ್ಯಾದೆಗೆ ಅಂಜಿ ನಿಮ್ಮ ಪ್ರತಿಯಲ್ಲಿ ಎಲ್ಲವನ್ನೂ ಕಡಿಮೆ ಮಾಡಿ ತುಂಬಬೇಡಿ. ಲಕ್ಷಣಗಳು ಕನಿಷ್ಠ ಎರಡು ಕಡೆ ಕಾಣಬೇಕು ಎಂಬುದು ನಿಯಮ. ಮನೆಯ ಫಾರ್ಮ್ ಚೊಕ್ಕವಾಗಿದ್ದರೆ ಮಗುವಿಗೆ ಸಿಗಬೇಕಾದ ನೆರವು ಅಲ್ಲೇ ನಿಂತುಹೋಗುತ್ತದೆ.

ಆರು ವರ್ಷದೊಳಗಿನ ಮಗುವಿಗೆ ಕೋಚ್ ಹುಡುಕಬೇಡಿ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2019ರ ಮಾರ್ಗಸೂಚಿ ಆ ವಯಸ್ಸಿಗೆ ಮೊದಲು ಹೇಳುವುದು ತಂದೆತಾಯಿಗೆ ಕೊಡುವ ತರಬೇತಿಯನ್ನು. ‘ಪೇರೆಂಟ್ ಟ್ರೈನಿಂಗ್ ಇನ್ ಬಿಹೇವಿಯರ್ ಮ್ಯಾನೇಜ್‌ಮೆಂಟ್’ ಎಂದು ಡಾಕ್ಟರ್ ಹತ್ತಿರ ಇದೇ ಹೆಸರು ಹಿಡಿದು ಕೇಳಿ. ಅದನ್ನು ಲೈಸೆನ್ಸ್ ಇರುವ ಥೆರಪಿಸ್ಟ್ ಕೊಟ್ಟರೆ ಇನ್ಶೂರೆನ್ಸ್ ಒಪ್ಪುವ ಸಾಧ್ಯತೆಯೂ ಹೆಚ್ಚು. ಪ್ರೈಮರಿ ಶಾಲೆಯ ಮಕ್ಕಳಿಗೂ ಮಗುವಿನ ಕೋಚ್‌ಗಿಂತ ಅಪ್ಪ ಅಮ್ಮನ ಜೊತೆ ಕೆಲಸ ಮಾಡುವ ಕೋಚ್ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆ ವಯಸ್ಸಿನಲ್ಲಿ ದಿನಚರಿ ಮಗುವಿನ ಕೈಯಲ್ಲಿರುವುದಿಲ್ಲ. ಮಿಡ್ಲ್ ಸ್ಕೂಲ್ ದಾಟಿದ ಮೇಲೆ ನೇರ ಕೋಚಿಂಗ್‌ಗೆ ಅರ್ಥ ಬರುತ್ತದೆ.

ದುಡ್ಡು ಕೊಡುವ ಮುಂಚೆ ಶಾಲೆಗೊಂದು ಪತ್ರ ಬರೆಯಿರಿ. ಪಬ್ಲಿಕ್ ಶಾಲೆ ಉಚಿತವಾಗಿ ಮಾಡಬೇಕಾದ ಕೆಲಸಕ್ಕೆ ಕೋಚ್‌ಗೆ ದುಡ್ಡು ಸುರಿಯುವ ಕುಟುಂಬಗಳು ಬಹಳ. ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕು ಎಂದು ತಾರೀಖು ಹಾಕಿದ ಇಮೇಲ್ ಕಳಿಸಿ. ಬಾಯಿಮಾತಿನ ವಿನಂತಿಗೆ ದಾಖಲೆ ಉಳಿಯುವುದಿಲ್ಲ. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು ಎನ್ನುತ್ತದೆ ಫೆಡರಲ್ ನಿಯಮ. ರಾಜ್ಯಕ್ಕೆ ತನ್ನದೇ ಗಡುವಿದ್ದರೆ ಅದು ನಡೆಯುತ್ತದೆ. ಪಾಠದ ಕ್ರಮವೇ ಬದಲಾಗಬೇಕಾದಷ್ಟು ತೊಂದರೆ ಇದ್ದರೆ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ವಿಶೇಷ ಶಿಕ್ಷಣದ ಯೋಜನೆ. ಎಡಿಎಚ್‌ಡಿ ಅದರಲ್ಲಿ ಸಾಮಾನ್ಯವಾಗಿ ‘ಅದರ್ ಹೆಲ್ತ್ ಇಂಪೇರ್‌ಮೆಂಟ್’ ಎಂಬ ವಿಭಾಗಕ್ಕೆ ಸೇರುತ್ತದೆ. ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಬೆಂಚು, ಕೆಲಸವನ್ನು ತುಂಡು ಮಾಡಿ ಕೊಡುವುದು, ಇಷ್ಟು ಸಾಕಾದರೆ 1973ರ ಕಾಯ್ದೆಯ ಸೆಕ್ಷನ್ 504ರ ಯೋಜನೆ. ಇವೆರಡೂ ಕಾಲೇಜಿಗೆ ಹಿಂಬಾಲಿಸಿ ಬರುವುದಿಲ್ಲ. ಅಲ್ಲಿ ವಿದ್ಯಾರ್ಥಿಯೇ ಡಿಸೆಬಿಲಿಟಿ ಆಫೀಸಿನಲ್ಲಿ ನೋಂದಾಯಿಸಿಕೊಳ್ಳಬೇಕು, ಮತ್ತು ಕಾಲೇಜಿನ ದಾಖಲೆಗಳ ಹಕ್ಕು ತಂದೆತಾಯಿಯದಲ್ಲ, ಅವರದೇ.

ಸರ್ಟಿಫಿಕೇಟು ಎಷ್ಟು ಹೇಳುತ್ತದೆ

ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ (ಐಸಿಎಫ್) ಕೊಡುವ ಮೂರು ಹಂತಗಳಿವೆ. ಎಸಿಸಿಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ. ಪಿಸಿಸಿಗೆ 125 ಮತ್ತು 500. ಎಂಸಿಸಿಗೆ 200 ಮತ್ತು 2,500. ಹೆಸರು ಹಾಕಿ ಐಸಿಎಫ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಆದರೆ ಇದು ಕೋಚಿಂಗ್ ಬರುತ್ತದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಎಡಿಎಚ್‌ಡಿ ತಿಳಿದಿದೆ ಎಂಬುದಕ್ಕಲ್ಲ. ಎಡಿಎಚ್‌ಡಿ ಕೋಚ್‌ಗಳಿಗೇ ಮೀಸಲಾದ ಪ್ರಮಾಣಪತ್ರವನ್ನು ಪಿಎಎಸಿ ಎಂಬ ಸಂಸ್ಥೆ ಕೊಡುತ್ತದೆ. ಎರಡೂ ಇಲ್ಲದವರಾದರೆ ಎಡಿಎಚ್‌ಡಿಗೆಂದೇ ಎಷ್ಟು ಗಂಟೆ ಕಲಿತಿದ್ದೀರಿ, ಎಲ್ಲಿ ಎಂದು ನೇರವಾಗಿ ಕೇಳಿ. “ನನಗೇ ಎಡಿಎಚ್‌ಡಿ ಇದೆ” ಎಂಬ ಉತ್ತರ ಬಂದರೆ ಅದು ಅನುಭವ ಹೌದು, ತರಬೇತಿ ಅಲ್ಲ. ಎಡಿಎಚ್‌ಡಿ ಇರುವವರಿಗೆ ನೆರವಾಗುವ ಚಾಡ್‌ನಂಥ (CHADD) ಸಂಸ್ಥೆಗಳ ಪಟ್ಟಿಯಿಂದ ಹುಡುಕಾಟ ಶುರು ಮಾಡಿ, ಆದರೆ ಪಟ್ಟಿಯಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ.

ಮೊದಲ ಮಾತುಕತೆ

ಬಹಳಷ್ಟು ಕೋಚ್‌ಗಳು 15ರಿಂದ 30 ನಿಮಿಷ ಉಚಿತವಾಗಿ ಮಾತಾಡುತ್ತಾರೆ. ಮೂವರ ಜೊತೆಯಾದರೂ ಮಾತಾಡಿ, ಮೂವರ ಮುಂದೂ ಒಂದೇ ತೊಂದರೆ ಇಡಿ. “ಗಮನ ಇಲ್ಲ, ಸೋಮಾರಿ, ಬುದ್ಧಿ ಇದೆ ಆದರೆ ಉಪಯೋಗಿಸಲ್ಲ” ಎಂದರೆ ಯಾರೂ ಏನೂ ಹೇಳಲಾಗದು. ಹೀಗೆ ಹೇಳಿ: “ಮಗ ಹೋಮ್‌ವರ್ಕ್ ಮುಗಿಸುತ್ತಾನೆ, ಆದರೆ ಗೂಗಲ್ ಕ್ಲಾಸ್‌ರೂಮ್‌ನಲ್ಲಿ ‘ಟರ್ನ್ ಇನ್’ ಒತ್ತುವುದೇ ಇಲ್ಲ. ಮೊದಲ ಎರಡು ವಾರ ಏನು ಮಾಡುತ್ತೀರಿ?”

ಕೆಲಸ ಬಲ್ಲವರು ಉತ್ತರಕ್ಕೆ ಮುಂಚೆ ಪ್ರಶ್ನೆ ಕೇಳುತ್ತಾರೆ. ಎಷ್ಟು ಹೊತ್ತಿಗೆ ಓದಲು ಕೂರುತ್ತಾನೆ? ಮುಗಿದ ಕೂಡಲೇ ಏನು ಮಾಡುತ್ತಾನೆ? ಆಗ ಮನೆಯಲ್ಲಿ ಯಾರಿರುತ್ತಾರೆ? ಅವನಿಗೇ ಇದು ತೊಂದರೆ ಅನಿಸುತ್ತಿದೆಯಾ? ಕೆಲಸ ಬಾರದವರು ತಕ್ಷಣ ಒಂದು ಪ್ಲಾನರ್ ಆ್ಯಪ್ ಹೆಸರು ಹೇಳುತ್ತಾರೆ.

ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ: “ಮಾಡಿದ ಏರ್ಪಾಡು ಕೆಲವು ವಾರಕ್ಕೆ ಹಳಸಿದರೆ?” ಎಡಿಎಚ್‌ಡಿ ಇರುವವರಿಗೆ ಹೊಸತು ಹಿಡಿಸುತ್ತದೆ. ಬಣ್ಣದ ಚಾರ್ಟು, ಟೈಮರು, ಅಲಾರಂ ಎಲ್ಲವೂ ಮೊದಲು ನಡೆಯುತ್ತವೆ, ಆಮೇಲೆ ಗೋಡೆಯ ಭಾಗವಾಗಿ ಕಣ್ಣಿಗೆ ಬೀಳುವುದನ್ನೇ ಬಿಡುತ್ತವೆ. ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಂಡ ಕೋಚ್ ಬೇಕು. ಹಳಸಿದಾಗ ಬೈದು ಮಗುವಿನ ಮೇಲೆ ತಪ್ಪು ಹೊರಿಸುವವರು ಬೇಡ.

ಮೂರನೆಯದು, ಸೆಷನ್‌ಗಳ ನಡುವಿನ ಮೆಸೇಜ್. ಭಾನುವಾರದ ಜೂಮ್‌ನಲ್ಲಿ ಒಪ್ಪಿದ್ದು ಬುಧವಾರ ಸಂಜೆ ನೆನಪಿಗೆ ಬಾರದಿರುವುದೇ ಇಲ್ಲಿನ ಕಾಯಿಲೆ. ವಾರದಲ್ಲಿ ಎಷ್ಟು ಸಲ, ಎಷ್ಟು ಹೊತ್ತಿಗೆ ಮೆಸೇಜ್ ಮಾಡುತ್ತಾರೆ, ಶುಲ್ಕದಲ್ಲಿ ಅದು ಸೇರಿದೆಯೇ ಎಂದು ಕೇಳಿ.

ಔಷಧಿ ನಿಲ್ಲಿಸಿ ಎನ್ನುವವರು, ಸಪ್ಲಿಮೆಂಟ್ ಮಾರುವವರು, ಪೂರ್ತಿ ವಾಸಿ ಮಾಡುತ್ತೇವೆ ಎನ್ನುವವರು, ಇವರ ಮಾತು ಅಲ್ಲಿಗೇ ಮುಗಿಸಿ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಎನ್ನುವವರೂ ಅದೇ ಸಾಲಿಗೆ. ಎರಡು ಭಾಷೆ ಆಡುವುದರಿಂದ ಎಡಿಎಚ್‌ಡಿ ಬರುವುದಿಲ್ಲ. ಕನ್ನಡ ಬಿಟ್ಟರೆ ಮಗು ಕಳೆದುಕೊಳ್ಳುವುದು ಅಜ್ಜಿಯ ಜೊತೆಗಿನ ಮಾತನ್ನು.

ಮಗ ಅಥವಾ ಮಗಳು ಹೈಸ್ಕೂಲಿನಲ್ಲಿದ್ದರೆ

ನಮ್ಮ ಮನೆಗಳಲ್ಲಿ ಕೋಚಿಂಗ್ ಕೆಡುವುದು ಹೆಚ್ಚಾಗಿ ಇಲ್ಲಿ. ಟ್ಯೂಷನ್ ಮೇಷ್ಟ್ರನ್ನು ಕೇಳಿದ ಹಾಗೆ ಪ್ರತಿ ವಾರ ಕೋಚ್‌ಗೆ ಫೋನ್ ಮಾಡಿ “ಏನಂದ? ಗ್ರೇಡ್ ಯಾಕೆ ಏರಿಲ್ಲ?” ಎಂದರೆ ಹುಡುಗನ ಪಾಲಿಗೆ ಕೋಚ್ ಇನ್ನೊಬ್ಬ ಕಾವಲುಗಾರ. ಅವನು ಕ್ಯಾಮೆರಾ ಮುಂದೆ ಕೂತು ಹೂಂ ಹೂಂ ಎಂದು ಸಮಯ ಕಳೆಯುತ್ತಾನೆ, ನಿಮ್ಮ ದುಡ್ಡು ಹೋಗುತ್ತದೆ. ಶುರುವಿನಲ್ಲೇ ಮೂವರೂ ಕೂತು ಬರೆದಿಟ್ಟುಕೊಳ್ಳಿ: ಸೆಷನ್‌ಗೆ ಬಂದನೇ, ಈ ತಿಂಗಳ ಗುರಿ ಏನು, ಇಷ್ಟು ನಿಮಗೆ ತಿಳಿಯುತ್ತದೆ. ಉಳಿದ ಮಾತು ಅವರಿಬ್ಬರಲ್ಲೇ ಇರುತ್ತದೆ, ಪ್ರಾಣಕ್ಕೆ ಅಪಾಯ ಎನಿಸುವ ವಿಷಯ ಬಿಟ್ಟು. ಮೊದಲ ಗುರಿ ಅವನದೇ ಆಗಿರಲಿ, ಅದು ಬೆಳಗ್ಗೆ ಬಸ್ ತಪ್ಪದಂತೆ ಏಳುವುದಾದರೂ ಸರಿ. ಕೊನೆಗೆ ಉಳಿದ ಇಬ್ಬರು ಕೋಚ್‌ಗಳಲ್ಲಿ ಒಬ್ಬರನ್ನು ಆರಿಸಲು ಅವನಿಗೇ ಬಿಡಿ. ಅವನು ಬೇಡವೇ ಬೇಡ ಎಂದರೆ ಆ ದುಡ್ಡಿನಲ್ಲಿ ನೀವೇ ಪೇರೆಂಟ್ ಕೋಚ್ ತೆಗೆದುಕೊಳ್ಳಿ.

ಇನ್ಶೂರೆನ್ಸ್‌ಗೆ ಬಿಲ್ ಮಾಡದ ಕೋಚ್‌ಗಳು ಸಾಮಾನ್ಯವಾಗಿ ಎಚ್‌ಐಪಿಎಎ ಗೋಪ್ಯತಾ ಕಾನೂನಿನಡಿ ಬರುವುದಿಲ್ಲ. ರೆಕಾರ್ಡಿಂಗ್ ಇಡುತ್ತೀರಾ, ಟಿಪ್ಪಣಿ ಎಲ್ಲಿರುತ್ತದೆ ಎಂಬ ಮಾತು ಒಪ್ಪಂದದಲ್ಲೇ ಬರಲಿ.

ದುಡ್ಡು

ಕೋಚಿಂಗ್‌ಗೆ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ. ಸೆಷನ್‌ಗೆ 150 ಡಾಲರ್ ಎಂದು ಹಿಡಿದರೂ ವಾರಕ್ಕೊಂದರಂತೆ 12 ವಾರಕ್ಕೆ 1,800 ಡಾಲರ್. ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ, ಅಂದರೆ ಆರೋಗ್ಯದ ಖರ್ಚಿಗೆಂದೇ ತೆರಿಗೆಯಿಲ್ಲದೆ ಎತ್ತಿಡುವ ಖಾತೆಗಳ ಹಣ ಬಳಸಬೇಕೆಂದರೆ ಡಾಕ್ಟರ್‌ರಿಂದ ‘ಲೆಟರ್ ಆಫ್ ಮೆಡಿಕಲ್ ನೆಸೆಸಿಟಿ’ ಬೇಕು: ಡಯಾಗ್ನೋಸಿಸ್ ಯಾವುದು, ಕೋಚಿಂಗ್ ಯಾಕೆ ಬೇಕು, ಎಷ್ಟು ಕಾಲ. ಪತ್ರದ ತಾರೀಖು ಮೊದಲ ಸೆಷನ್‌ಗಿಂತ ಮುಂಚಿನದಾಗಿರಲಿ, ಮತ್ತು ಪ್ಲಾನ್ ನೋಡಿಕೊಳ್ಳುವ ಕಂಪನಿ ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಅರ್ಹವಲ್ಲದ ಖರ್ಚಿಗೆ ಎಚ್‌ಎಸ್‌ಎ ಹಣ ತೆಗೆದರೆ, 65 ವರ್ಷದೊಳಗಿನವರಿಗೆ ಆ ಮೊತ್ತಕ್ಕೆ ಆದಾಯ ತೆರಿಗೆಯ ಜೊತೆಗೆ ಇನ್ನೂ 20 ಶೇಕಡಾ ತೆರಿಗೆ ಬೀಳುತ್ತದೆ. ಹೆಸರು, ತಾರೀಖು, ಸೇವೆ, ಮೊತ್ತ ಇರುವ ರಸೀದಿ ಪ್ರತಿ ಸಲವೂ ಪಡೆಯಿರಿ.

ಒಮ್ಮೆಗೇ ವರ್ಷದ ಪ್ಯಾಕೇಜ್ ಕೊಳ್ಳಬೇಡಿ; ನಾಲ್ಕು ಸೆಷನ್‌ನಿಂದ ಶುರು ಮಾಡಿ. ಬೇಸಿಗೆಯಲ್ಲಿ ಊರಿಗೆ ಹೋಗುವವರು ಪ್ಯಾಕೇಜ್‌ಗೆ ಅವಧಿ ಇದೆಯೇ, ಆರು ವಾರ ನಿಲ್ಲಿಸಿಟ್ಟರೆ ಉಳಿದ ಸೆಷನ್‌ಗಳು ಕೈತಪ್ಪುತ್ತವೆಯೇ ಎಂದು ಟಿಕೆಟ್ ಬುಕ್ ಮಾಡುವ ಮುಂಚೆ ನೋಡಿ. ಸೆಷನ್ ಮರೆತರೆ ಪೂರ್ತಿ ಶುಲ್ಕ ಹಿಡಿಯುವ ನಿಯಮ ಸಾಮಾನ್ಯ. ಮರೆವೇ ತೊಂದರೆಯಾಗಿರುವವರಿಗೆ ಹಿಂದಿನ ದಿನ ನೆನಪಿಸುವ ಮೆಸೇಜ್ ಕೊಡಿ ಎಂದು ಕೇಳುವುದು ಅತಿಯೇನಲ್ಲ.

ಕೋಚ್ ಬೇಕಿರುವುದು ನಿಮಗೇ ಆದರೆ ಆಫೀಸಿನ ಎಚ್‌ಆರ್‌ಗೂ ಒಂದು ಮಾತು ಕೇಳಿ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ ಅಂಗವೈಕಲ್ಯ ಇರುವವರಿಗೆ ತಾರತಮ್ಯ ಮಾಡಬಾರದು ಎನ್ನುವ ಎಡಿಎ ಕಾಯ್ದೆ ಅನ್ವಯಿಸುತ್ತದೆ, ಎಚ್-1ಬಿ ಮೇಲಿರುವವರಿಗೂ ಅದರ ರಕ್ಷಣೆ ಇದೆ, ನೀವು ಕೊಟ್ಟ ವೈದ್ಯಕೀಯ ಮಾಹಿತಿಯನ್ನು ಅವರು ಗೋಪ್ಯವಾಗಿ ಇಡಬೇಕು. ಯಾವ ಅನುಕೂಲ ಕೇಳಬಹುದು ಎಂದು ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಉಚಿತವಾಗಿ ತಿಳಿಸುತ್ತದೆ. ಲೇಆಫ್ ಭಯ ಇರುವವರು ಮೊದಲು ಎಫ್‌ಎಸ್‌ಎ ಹಣ ಖರ್ಚು ಮಾಡಿ. ಎಚ್‌ಎಸ್‌ಎ ಕೆಲಸ ಬಿಟ್ಟರೂ ನಿಮ್ಮದೇ. ಎಫ್‌ಎಸ್‌ಎಯಲ್ಲಿ ಉಳಿದದ್ದು ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ.