ತಲೆ ಸಿಡಿಯದಂತೆ ಕಾಫಿ ಬಿಡುವುದು

ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. 250 ಮಿಲಿಗ್ರಾಂ ಒಳಗೆ ಹೋದರೆ ಅಲ್ಲಿನ ರಕ್ತದ ಹರಿವು ಸುಮಾರು ಕಾಲು ಭಾಗ ಇಳಿಯುತ್ತದೆ. ದಿನವೂ ಕುಡಿಯುವವರು ದಿಢೀರನೆ ಬಿಟ್ಟರೆ ನಾಳಗಳು ಹಿಗ್ಗುತ್ತವೆ, 12ರಿಂದ 24 ಗಂಟೆಯೊಳಗೆ ತಲೆನೋವು ಶುರು.

ಚಿಕ್ಕಮಗಳೂರಿನ ಪುಡಿ ಅಂಗಡಿಯಲ್ಲಿ ಮೊದಲು ಬೀಜ ಯಾವುದೆಂದು ಕೇಳಿ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಪುಡಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಮೊದಮೊದಲು ಲೋಟದ ಲೆಕ್ಕ ಹಾಗೇ ಇರಲಿ, ಪುಡಿ ಬದಲಿಸಿ. ಮೊದಲ ವಾರ ರೊಬಸ್ಟಾ ತೆಗೆದು ಅಷ್ಟೇ ಅರೇಬಿಕಾ, ಮುಂದಿನ ವಾರ ಚಿಕೋರಿ ಶೇ. 40, ಆಮೇಲೆ ಸಂಜೆಯ ಲೋಟ ಬಿಡಿ. ಬೆಳಗಿನದ್ದು ಕೊನೆಗೆ, ಅದೇ ಕಷ್ಟದ್ದು.

ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಪಟ್ಟಿಯ ಹಿಂಬದಿ ಓದಿ.

ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಕಾಫಿಯನ್ನು ದೂರುತ್ತಾ ಕೂರಬೇಡಿ, ಅದು ಪಾರ್ಶ್ವವಾಯು ಇರಬಹುದು: ತಕ್ಷಣ 108ಕ್ಕೆ ಕರೆ ಮಾಡಿ.